ಸಮುದ್ರದ ಗಾಳಿ, ಹರಿಹರದ ನೀರು

ನಮ್ಮ ಮೂವರಲ್ಲಿ ಸಮುದ್ರವನ್ನು ಕಣ್ಣಾರೆ ಕಂಡಿದ್ದವರು ಮೇಷ್ಟ್ರೊಬ್ಬರೇ. ಅದೂ ಮದುವೆಯಾದ ಹೊಸದರಲ್ಲಿ ಗೋಕರ್ಣಕ್ಕೆ ಹೋದಾಗ, ಅರ್ಧ ದಿನ. "ನೀರು ಭಾಳ ಇತ್ತು" ಎನ್ನುವುದಷ್ಟೇ ಅವರು ಆ ಬಗ್ಗೆ ಕೊಡುತ್ತಿದ್ದ ವರದಿ. ನಾನು ಕುಕ್ಕುವಾಡದವಳು, ದೊಡ್ಡ ನೀರೆಂದರೆ ನನಗೆ ಭದ್ರಾ ನಾಲೆ. ನನ್ನ ಜೊತೆಗೆ ಕೆಲಸಕ್ಕಿದ್ದ ಗೆಳತಿ ಹರಿಹರದವಳು, ಅವಳಿಗೆ ತುಂಗಭದ್ರೆ. ಇಂಥ ಮೂವರು ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ವಿದ್ಯಾನಗರದ ಕಾಲೇಜೊಂದರ ಹಿಂಬದಿಯ ಕೋಣೆಯಲ್ಲಿ ಕೂತು, ಅರಬ್ಬೀ ಸಮುದ್ರದ ಮೇಲೆ ಎಷ್ಟು ಗಾಳಿ ಬೀಸುತ್ತಿದೆ ಎಂದು ಲೆಕ್ಕ ಹಾಕುತ್ತಿದ್ದೆವು.

ಅಳೆಯುತ್ತಿದ್ದುದು ನಿಜವಾಗಿ ಉಪಗ್ರಹ. ಅದರಲ್ಲಿದ್ದ ರೇಡಾರ್ ಸಮುದ್ರದ ಮೇಲೆ ಓರೆಯಾಗಿ ರೇಡಿಯೋ ಅಲೆಗಳನ್ನು ಬಿಟ್ಟು, ಎಷ್ಟು ಪಾಲು ತನಗೇ ವಾಪಸು ಬಂತು ಎಂದು ನೋಡುತ್ತದೆ. ನಾವು ಕೆಲಸಕ್ಕೆ ಸೇರಿದ ಮೊದಲ ದಿನ ಮೇಷ್ಟ್ರು ಇದನ್ನು ಸ್ಟೀಲ್ ತಟ್ಟೆಯಲ್ಲಿ ನೀರು ಹಾಕಿ ತೋರಿಸಿದ್ದರು. ನೀರು ನಿಶ್ಚಲವಾಗಿದ್ದಾಗ ಓರೆಯಾಗಿ ಬಿಟ್ಟ ಟಾರ್ಚಿನ ಬೆಳಕು ಅತ್ತ ಗೋಡೆಗೆ ಹೋಗಿ ಬಿತ್ತು. ಟಾರ್ಚು ಹಿಡಿದವರ ಕಡೆಗೆ ಏನೂ ಬರಲಿಲ್ಲ. ಬಾಯಿಂದ ಊದಿ ನೀರನ್ನು ಕದಡಿದಾಗ ಬೆಳಕು ಚೆದುರಿ ನಮ್ಮ ಮುಖದ ಮೇಲೂ ಆಡಿತು. "ಇಷ್ಟೇ. ನೀರು ನುಣ್ಣಗಿದ್ರೆ ಗಾಳಿ ಇಲ್ಲ, ಒರಟಾಗಿದ್ರೆ ಗಾಳಿ ಐತೆ. ಉಳಿದಿದ್ದೆಲ್ಲ ಲೆಕ್ಕ" ಎಂದರು. ರೇಡಾರಿಗೆ ಬೇಕಾದದ್ದು ಹಡಗು ಅಲ್ಲಾಡಿಸುವ ದೊಡ್ಡ ಅಲೆಗಳಲ್ಲ. ಗಾಳಿ ಸೋಕಿದ ಕೂಡಲೇ ಏಳುವ, ಎರಡು ಬೆರಳಗಲದ ಕಿರು ಅಲೆಗಳು.

ಉಪಗ್ರಹ ಹೇಳಿದ್ದು ನಿಜವೋ ಅಲ್ಲವೋ ಎಂದು ಪರೀಕ್ಷಿಸುವುದು ನಮ್ಮ ಪಾಲಿನ ಕೆಲಸ. ಕರಾವಳಿಯಿಂದ ತುಸು ದೂರದಲ್ಲಿ ಲಂಗರು ಹಾಕಿ ಬಿಟ್ಟ ಒಂದು ತೇಲು ಯಂತ್ರವಿತ್ತು. ಮೂರು ತಾಸಿಗೊಮ್ಮೆ ಅದು ತನ್ನ ಕಂಬದ ಮೇಲಿನ ಮಾಪಕದಿಂದ ಗಾಳಿ ಅಳೆದು ದಡಕ್ಕೆ ಸಂದೇಶ ಕಳಿಸುತ್ತಿತ್ತು. ಅದರ ಫೋಟೋ ನೋಡಿದ ಗೆಳತಿ, "ಡಾಲ್ಡಾ ಡಬ್ಬಿ ಇದ್ದಂಗೈತೆ" ಅಂದಳು. ಅಂದಿನಿಂದ ಅದು ನಮಗೆ ಡಬ್ಬಿಯೇ ಆಯಿತು. ಉಪಗ್ರಹ ಡಬ್ಬಿಯ ಮೇಲೆ ಹಾದುಹೋದಾಗ ಕೊಟ್ಟ ವೇಗವನ್ನೂ, ಅದೇ ಹೊತ್ತಿಗೆ ಡಬ್ಬಿ ಕೊಟ್ಟ ವೇಗವನ್ನೂ ಪಕ್ಕಪಕ್ಕ ಇಡಬೇಕು. ಹೀಗೆ ಇಟ್ಟ ಎರಡು ಅಂಕಿಗೆ ನಾವು 'ಜೋಡಿ' ಎನ್ನುತ್ತಿದ್ದೆವು.

ಯೋಜನೆ ಮೊದಲು ಒಂದು ವರ್ಷಕ್ಕೆ ಮಂಜೂರಾಗಿತ್ತು. ವರ್ಷದ ಕೊನೆಗೆ ಬೆಂಗಳೂರಿನಲ್ಲಿ ಪರಿಶೀಲನಾ ಸಮಿತಿಯ ಮುಂದೆ ಕನಿಷ್ಠ ನೂರು ಜೋಡಿ ತೋರಿಸಬೇಕು, ವ್ಯತ್ಯಾಸ ಸರಾಸರಿ ಸೆಕೆಂಡಿಗೆ ಎರಡು ಮೀಟರ್ ಒಳಗಿರಬೇಕು. ಹಾಗಾದರೆ ಎರಡನೇ ವರ್ಷ ಸಿಗುತ್ತದೆ. ಇಲ್ಲವಾದರೆ ಕೋಣೆ ಉತ್ತರಪತ್ರಿಕೆ ತುಂಬುವ ಗೋದಾಮಾಗುತ್ತದೆ ಎಂದು ಆಫೀಸಿನವರು ಆಗಲೇ ಹೇಳಿಟ್ಟಿದ್ದರು. ನಮ್ಮಿಬ್ಬರ ಕೆಲಸವೂ ಹೋಗುತ್ತಿತ್ತು, ನಿಜ. ಆದರೆ ನಾವು ಚಿಕ್ಕವರು, ಇನ್ನೊಂದು ಸಿಗುತ್ತಿತ್ತು. ಮೇಷ್ಟ್ರಿಗೆ ಹಾಗಲ್ಲ. ಅವರು ಜೀವಮಾನವೆಲ್ಲ ಭೌತಶಾಸ್ತ್ರ ಪಾಠ ಮಾಡಿ, ಸಂಶೋಧನೆಗೊಂದು ಕೋಣೆ ಕೊಡಿ ಎಂದು ಅರ್ಜಿ ಬರೆದು ಬರೆದು, ಅದು ಸಿಕ್ಕಿದ್ದು ನಿವೃತ್ತಿಯ ಹಿಂದಿನ ವರ್ಷ. ಬಾಗಿಲಿಗೆ ತಾವೇ ಸೀಮೆಸುಣ್ಣದಿಂದ 'ಸಾಗರ ಗಾಳಿ ವಿಭಾಗ' ಎಂದು ಬರೆದಿದ್ದರು. ಮೇ ತಿಂಗಳಿಗೆ ಅವರು ಮನೆಗೆ ಹೋಗುವವರು. ತಾವು ಹೋದ ಮೇಲೂ ಆ ಬಾಗಿಲು ತೆರೆದಿರಬೇಕು ಎನ್ನುವುದೊಂದೇ ಅವರ ಹಟ.

ಕೆಲಸ ಹೇಗೆ ನಡೆಯುತ್ತಿತ್ತು ಎಂದರೆ: ಉಪಗ್ರಹದ ಅಂಕಿಗಳು ಸಿ.ಡಿ.ಯಲ್ಲಿ ಬರುತ್ತಿದ್ದವು, ಡಬ್ಬಿಯವು ಫ್ಲಾಪಿಯಲ್ಲಿ. ಗೆಳತಿ ಫೋರ್ಟ್ರಾನಿನಲ್ಲಿ ಪ್ರೋಗ್ರಾಂ ಬರೆಯುವಳು, ನಾನು ದಿನವಾರು ಪಟ್ಟಿ ಮಾಡುವವಳು. ಡಬ್ಬಿಯ ಗಾಳಿಮಾಪಕ ನೀರಿನಿಂದ ಮೂರು ಮೀಟರ್ ಎತ್ತರದಲ್ಲಿತ್ತು. ಉಪಗ್ರಹದ ಲೆಕ್ಕ ಹತ್ತು ಮೀಟರ್ ಎತ್ತರದ ಗಾಳಿಗೆ. ಅದಕ್ಕೆ ಡಬ್ಬಿಯ ಅಂಕಿಯನ್ನು ಸೂತ್ರ ಹಾಕಿ ತುಸು ಏರಿಸಬೇಕು. ಡಬ್ಬಿಯ ಗಡಿಯಾರ ಗ್ರೀನಿಚ್ ಹೊತ್ತಿನದು. ನಮ್ಮ ಹೊತ್ತಿಗೆ ತರಲು ಐದೂವರೆ ತಾಸು ಕೂಡಿಸಬೇಕು. ಆ ಅರ್ಧ ತಾಸನ್ನು ಮರೆಯದಿರಲು ನಾನು ಕಂಪ್ಯೂಟರಿನ ನೆತ್ತಿಗೆ ಒಂದು ಚೀಟಿ ಅಂಟಿಸಿದ್ದೆ. ಕರೆಂಟ್ ಹೋದರೆ ಯು.ಪಿ.ಎಸ್. ಕೀ ಕೀ ಎಂದು ಅಳುತ್ತಿತ್ತು. ಅದು ಸುಮ್ಮನಾಗುವುದರೊಳಗೆ ಮಾಡಿದ್ದನ್ನು ಉಳಿಸಬೇಕು. ಮೇಷ್ಟ್ರು ಮಾತ್ರ ಪ್ರತಿಯೊಂದು ಜೋಡಿಯನ್ನೂ ಚೂಪಾದ ಪೆನ್ಸಿಲ್‌ನಿಂದ ದೊಡ್ಡ ಗ್ರಾಫ್ ಹಾಳೆಯ ಮೇಲೆ ತಮ್ಮ ಕೈಯಾರೆ ಚುಕ್ಕಿ ಇಡುತ್ತಿದ್ದರು. "ಪ್ರಿಂಟರ್ ಹೊಡೀತೈತಲ್ಲ ಸಾರ್" ಎಂದರೆ, "ಪ್ರಿಂಟರ್ ಚುಕ್ಕಿಗೆ ಭಾರ ಇಲ್ಲಮ್ಮಾ" ಎನ್ನುವರು.

ಕಷ್ಟ ಬಂದದ್ದು ಡಬ್ಬಿಯಿಂದ. ಉಪಗ್ರಹ ನಮ್ಮ ಭಾಗದಲ್ಲಿ ಹಾಯುವುದು ಬೆಳಗಿನ ಹನ್ನೊಂದೂವರೆಯ ಸುಮಾರಿಗೆ. ಡಬ್ಬಿ ಹನ್ನೊಂದೂವರೆಗೆ ಕಳಿಸುವ ಸಂದೇಶ ಅದಕ್ಕೆ ಸರಿಯಾಗಿ ಹೊಂದಬೇಕು. ಆದರೆ ಆ ಹೊತ್ತಿನ ಸಂದೇಶವೇ ಮೇಲಿಂದ ಮೇಲೆ ತಪ್ಪುತ್ತಿತ್ತು; ಪಟ್ಟಿಯಲ್ಲಿ ಆ ಜಾಗ ಖಾಲಿ. ಎರಡೂವರೆಯದೋ ಐದೂವರೆಯದೋ ಇರುತ್ತಿತ್ತು. ಏನು ಮಾಡುವುದೆಂದು ಮೇಷ್ಟ್ರನ್ನು ಕೇಳಿದೆವು.

"ಗಾಳಿ ಅಂದ್ರೆ ತಾಸಿಗೊಂದು ಮಾತಾಡಾದಾ?" ಎಂದರು ಅವರು. "ಆಷಾಢದಾಗೆ ನೋಡಿಲ್ಲೇನು? ಬೆಳಗ್ಗೆ ತಂತಿ ಮ್ಯಾಲೆ ಹಾರ್ತಿದ್ದ ಟವೆಲ್ ಸಂಜಿಗೂ ಅದೇ ದಿಕ್ಕಿಗೆ ಹಾರ್ತಿರ್ತೈತೆ. ಆರು ತಾಸಿನೊಳಗೆ ಯಾವುದು ಸಿಕ್ರೂ ತಗಳ್ರಿ."

ನಮಗೂ ಅದು ಸರಿಯೆನಿಸಿತು. ದಾವಣಗೆರೆ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಗಾಳಿ ಎಂದ ಕೂಡಲೇ ನೆನಪಾಗುವುದು ಆಷಾಢದ್ದೇ. ಅರ್ಧ ತಾಸಿಗೆ ಚೀಟಿ ಅಂಟಿಸಿದ ನಾನು ಆರು ತಾಸನ್ನು ಹಾಗೇ ಬಿಟ್ಟುಕೊಟ್ಟೆ.

ಜನವರಿ ಮುಗಿಯುವ ಹೊತ್ತಿಗೆ ನೂರಾ ಮೂವತ್ತೊಂದು ಜೋಡಿ ಆಗಿದ್ದವು. ಮಳೆಗಾಲದ ಜೋಡಿಗಳು, ಎರಡೂ ಅಂಕಿ ಸಮವಾದರೆ ಚುಕ್ಕಿ ಬೀಳಬೇಕಾದ ಓರೆ ಗೆರೆಯ ಮೇಲೆ ಸಾಲಾಗಿ ಕೂತಿದ್ದವು. ಬೇಸಿಗೆಯ ತಿಂಗಳಿನವು ಕೂರಲಿಲ್ಲ. ಡಬ್ಬಿ ಆರು ಮೀಟರ್ ಎನ್ನುವಾಗ ಉಪಗ್ರಹ ಎರಡು ಎನ್ನುತ್ತಿತ್ತು. ಒಂದೆರಡಲ್ಲ, ಹಿಂಡು ಹಿಂಡಾಗಿ ಗೆರೆಯ ಕೆಳಗೆ ಬಿದ್ದಿದ್ದವು. ಸಣ್ಣ ಗಾಳಿಯನ್ನು ಗುರುತಿಸುವುದು ಇಂಥ ರೇಡಾರಿಗೆ ಕಷ್ಟ ಎಂದು ಪುಸ್ತಕಗಳಲ್ಲಿ ಇದ್ದೇ ಇತ್ತು. ಹಾಗಾಗಿ ತಪ್ಪು ಉಪಗ್ರಹದ್ದೇ ಎಂದುಕೊಂಡೆವು. ಗೆಳತಿ ಒಂದು ತಿದ್ದುಪಡಿ ಸೂತ್ರ ಕಟ್ಟಿದಳು; ಉಪಗ್ರಹ ಕಡಿಮೆ ಹೇಳಿದ ಕಡೆಯಲ್ಲೆಲ್ಲ ಅದು ವೇಗವನ್ನು ಮೇಲೆತ್ತುವುದು. ಸೂತ್ರ ಹಾಕಿದ ಮೇಲೆ ಚುಕ್ಕಿಗಳೆಲ್ಲ ಬಂದು ಗೆರೆಯ ಅಕ್ಕಪಕ್ಕ ನಿಂತವು.

"ಮದುವಿ ಮನೀಗೆ ಹೊಂಟಂಗೆ ತಯಾರಾಗ್ಯಾವೆ ನೋಡ್ರಿ ಸಾರ್" ಎಂದಳು ಅವಳು. ಮೇಷ್ಟ್ರು ಅಂದು ಮೂವರಿಗೂ ಮಂಡಕ್ಕಿ, ಮೆಣಸಿನಕಾಯಿ ತರಿಸಿದರು.

ಉಳಿದದ್ದು ಸಮಿತಿಗೆ ತೋರಿಸುವ ಹಾಳೆಗಳು. ಮೊದಲ ಹಾಳೆಯಲ್ಲಿ ಎರಡು ಫೋಟೋ ಇರಬೇಕೆಂದು ಮೇಷ್ಟ್ರು ಆಸೆಪಟ್ಟರು: ಗಾಳಿಯಿಲ್ಲದ ನೀರು, ಗಾಳಿಯಿರುವ ನೀರು.

"ಸಮುದ್ರದ ಫೋಟೋ ನಮ್ಮ ಮನಿ ಕ್ಯಾಲೆಂಡರ್‌ನಾಗೆ ಐತೆ ಸಾರ್, ಹರ್ಕೊಂಡು ಬರ್ಲಾ?" ಎಂದಳು ಗೆಳತಿ.

"ಕ್ಯಾಲೆಂಡರ್ ಸಮುದ್ರದಾಗೆ ಯಾವಾಗ ನೋಡಿದ್ರೂ ಸೂರ್ಯ ಮುಳುಗ್ತಿರ್ತಾನೆ. ನನಗೆ ಬೇಕಾಗಿರಾದು ಗಾಳಿ. ನಿಮ್ಮೂರ ಹೊಳಿನೇ ಸಾಕು ನಡಿ."

ಹಾಗೆ ಫೆಬ್ರವರಿಯ ಒಂದು ಶನಿವಾರ ಮೂವರೂ ಹರಿಹರದ ಬಸ್ಸು ಹತ್ತಿದೆವು. ಗೆಳತಿಯ ಅಣ್ಣನ ಕ್ಯಾಮೆರಾ, ಕಾಲೇಜಿನ ಪ್ರಯೋಗಾಲಯದಿಂದ ತಂದ ಮೂರು ಬಟ್ಟಲಿನ ಕೈ ಗಾಳಿಮಾಪಕ, ಒಂದು ಕೊಡೆ. ಸೇತುವೆಯ ಕೆಳಗೆ ನೀರು ಮಡುಗಟ್ಟಿ ನಿಂತ ಜಾಗವೊಂದನ್ನು ಗೆಳತಿ ತೋರಿಸಿದಳು. ಬೇಸಿಗೆಗೆ ಇಳಿದಿದ್ದರೂ ಅಲ್ಲಿ ಹೊಳೆ ಅಗಲವಾಗಿತ್ತು. ನೀರು ಕನ್ನಡಿಯ ಹಾಗಿತ್ತು. ಸೇತುವೆಯ ಕಮಾನುಗಳು ತಲೆಕೆಳಗಾಗಿ ಅದರಲ್ಲಿ ನಿಂತಿದ್ದವು. ಮೇಷ್ಟ್ರು ವಾಚು ನೋಡಿಕೊಂಡು, "ಈಗ ಉಪಗ್ರಹ ಹಾಯೋ ಹೊತ್ತು. ಹೊಡಿ" ಎಂದರು. ನಾನು ಮಾಪಕ ಎತ್ತಿ ಹಿಡಿದೆ. ಬಟ್ಟಲುಗಳು ಅಲ್ಲಾಡಲಿಲ್ಲ. ಗೆಳತಿ ಮೊದಲ ಫೋಟೋ ತೆಗೆದಳು.

ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ ನಮ್ಮನ್ನು ನೋಡಿದಳು. "ಏನ್ರವ್ವಾ ಅದು?"

"ಗಾಳಿ ಅಳೆಯಾದು."

"ಇಲ್ಲದ್ದನ್ನ ಅಳೆಯಾಕೆ ಮೂರು ಮಂದಿ ಬೇಕಾ!" ಎಂದು ನಕ್ಕು ಮತ್ತೆ ಬಟ್ಟೆ ಎತ್ತಿ ಬಂಡೆಗೆ ಬಡಿದಳು.

ಎರಡನೇ ಫೋಟೋಕ್ಕೆ ಗಾಳಿ ಬೇಕಲ್ಲ. ಕಾದೆವು. ಹನ್ನೆರಡಾಯಿತು, ಒಂದಾಯಿತು. ಮೇಷ್ಟ್ರು ಕೊಡೆ ಬಿಚ್ಚಿಕೊಂಡು ಬಂಡೆಯ ಮೇಲೆ ಕೂತು, ಪಾಠ ಮಾಡಿದ ಹಳೆಯ ಹುಡುಗರ ಕಥೆ ಹೇಳಿದರು. ಕೊನೆಗೆ ಗೆಳತಿಯ ಅವ್ವನೇ ದಾರಿಯ ತನಕ ಬಂದು ಕರೆದರು: "ಬರ್ರಿ ಸಾರ್, ರೊಟ್ಟಿ ಆರಿ ಹೋಗ್ತಾವೆ. ಉಂಡು ಬಂದು ಕೂಡ್ರಿ. ಹೊಳಿ ಎಲ್ಲೂ ಹೋಗಂಗಿಲ್ಲ." ಜೋಳದ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು. ಮೇಷ್ಟ್ರು ಮೂರು ರೊಟ್ಟಿ ತಿಂದು, ಗಾಳಿ ಬರದಿದ್ದರೂ ಪ್ರಯೋಗ ಸಫಲ ಎಂದರು.

ನಾವು ವಾಪಸು ಹೊಳೆಗೆ ಬಂದಾಗ ಮೂರರ ಹತ್ತಿರ. ದೂರದಿಂದಲೇ ಗೊತ್ತಾಯಿತು. ಸೇತುವೆಯ ಕಮಾನುಗಳು ನೀರಿನಲ್ಲಿ ಇರಲಿಲ್ಲ. ಮಡುವಿನ ತುಂಬ ಸಣ್ಣ ಸಣ್ಣ ಅಲೆಗಳು, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು. ಮಾಪಕದ ಬಟ್ಟಲುಗಳು ಗಿರಗಿರ ತಿರುಗಿದವು; ಸೆಕೆಂಡಿಗೆ ನಾಲ್ಕು ಮೀಟರ್. ಬೆಳಿಗ್ಗೆ ನಿಂತ ಜಾಗದಲ್ಲೇ ನಿಂತು ಗೆಳತಿ ಎರಡನೇ ಫೋಟೋ ತೆಗೆದಳು.

"ಎರಡೂ ಒಂದೇ ದಿನದವು ಅಂದ್ರೆ ಸಮಿತಿಯೋರು ನಂಬಂಗಿಲ್ಲ" ಎಂದೆ.

ಗೆಳತಿ ರೀಲು ತಿರುಗಿಸುತ್ತ ನಕ್ಕಳು. "ಒಂದೇ ದಿನ ಏನು, ಆರು ತಾಸಿನೊಳಗೇ ಐತೆ. ನಮ್ಮ ಲೆಕ್ಕದಾಗೆ ಇವೂ ಜೋಡಿನೇ. ಜಾತಕ ಕೂಡ್ಲಿ ಬಿಡ್ಲಿ, ಲಗ್ನ ಮಾಡಿಬಿಡಾದು!"

ಮೂವರೂ ನಕ್ಕೆವು. ಮೊದಲು ನಗು ನಿಲ್ಲಿಸಿದವರು ಮೇಷ್ಟ್ರು. ನೀರನ್ನೇ ನೋಡುತ್ತ ನಿಂತುಬಿಟ್ಟರು. ಆಮೇಲೆ ನಾನು ನಿಲ್ಲಿಸಿದೆ. ಗೆಳತಿಗೆ ತಾನು ಏನು ಹೇಳಿದೆ ಎನ್ನುವುದು ತುಸು ತಡವಾಗಿ ತಿಳಿಯಿತು. ಕ್ಯಾಮೆರಾದ ಚೀಲದ ಗುಂಡಿ ಹಾಕುವುದನ್ನು ಅರ್ಧಕ್ಕೇ ಬಿಟ್ಟಳು.

ವಾಪಸು ಬಸ್ಸಿನಲ್ಲಿ, ನದಿಯ ಗಾಳಿಗೂ ಸಮುದ್ರದ ಗಾಳಿಗೂ ಕಾರಣ ಬೇರೆ ಎಂದು ಮೇಷ್ಟ್ರು ಒಮ್ಮೆ ತಮಗೆ ತಾವೇ ಹೇಳಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಬೇಸಿಗೆಯಲ್ಲಿ ನೆಲ ಕಾದ ಮೇಲೆ ಮಧ್ಯಾಹ್ನ ಸಮುದ್ರದಿಂದ ಗಾಳಿ ಏಳುವುದನ್ನು ತಾವೇ ಪ್ರತಿವರ್ಷ ಪಿ.ಯು.ಸಿ. ಹುಡುಗರಿಗೆ ಬೋರ್ಡಿನ ಮೇಲೆ ಬಾಣ ಬರೆದು ಕಲಿಸುತ್ತಿದ್ದುದಾಗಿ ಹೇಳಿದರು.

ಸೋಮವಾರ ಬೇಸಿಗೆಯ ಜೋಡಿಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಗೆಳತಿ ಹೊತ್ತು ಓದುವಳು, ನಾನು ಗುರುತು ಹಾಕುವವಳು. ಗೆರೆಯ ಕೆಳಗೆ ಬಿದ್ದಿದ್ದ ಹೆಚ್ಚುಕಮ್ಮಿ ಎಲ್ಲವೂ ಒಂದೇ ಜಾತಿಯವು: ಉಪಗ್ರಹದ್ದು ಬೆಳಗಿನ ಹನ್ನೊಂದೂವರೆ, ಡಬ್ಬಿಯದು ಮಧ್ಯಾಹ್ನ ಎರಡೂವರೆ ಅಥವಾ ಐದೂವರೆ. ಒಂದು ಹರಿಹರದ ಮೊದಲ ಫೋಟೋ, ಇನ್ನೊಂದು ಎರಡನೆಯದು. ಉಪಗ್ರಹ ತಾನು ಕಂಡದ್ದನ್ನೇ ಹೇಳಿತ್ತು.

ಒಂದು ತಾಸಿನೊಳಗಿನ ಜೋಡಿಗಳನ್ನಷ್ಟೇ ಇಟ್ಟುಕೊಂಡರೆ ಎಷ್ಟು ಉಳಿಯುತ್ತವೆ ಎಂದು ಮೇಷ್ಟ್ರು ಕೇಳಿದರು. ನಾನು ಆಗಲೇ ಎಣಿಸಿದ್ದೆ, ಆದರೂ ಮತ್ತೊಮ್ಮೆ ಎಣಿಸಿದೆ.

"ಮೂವತ್ತೆಂಟು, ಸಾರ್."

ಗೆಳತಿ ಎದ್ದು ನಿಂತಳು. "ಬ್ಯಾಡ ಸಾರ್. ಅವರು ಕೇಳಿರಾದು ನೂರು. ಮೂವತ್ತೆಂಟು ತಗಂಡು ಹೋದ್ರೆ ಬಾಗಿಲಾಗೇ ಕಳಿಸ್ತಾರೆ. ಗ್ರಾಫ್ ಚೆಂದ ಐತೆ, ಸೂತ್ರ ಹಾಕೀವಿ ಅಂತ ಬರ್ದೂ ಬರ್ದೀವಿ. ನಾವೇನು ಸುಳ್ಳು ಹೇಳ್ತಿಲ್ಲ."

"ಹೇಳ್ತಿಲ್ಲ" ಎಂದು ಮೇಷ್ಟ್ರು ಒಪ್ಪಿಕೊಂಡರು.

"ರೂಮು ಹೋಗ್ತೈತೆ ಸಾರ್. ನಮ್ಮ ಕೆಲಸದ ಮಾತಲ್ಲ. ನಿಮ್ಮ ರೂಮು."

ಮೇಷ್ಟ್ರು ಬಾಗಿಲ ಬಳಿ ಹೋದರು. ಹೊರಗೆ ಹಾಸ್ಟೆಲಿನ ಹುಡುಗಿಯರು ತಟ್ಟೆ ಹಿಡಿದು ಊಟಕ್ಕೆ ಹೋಗುತ್ತಿದ್ದರು, ಯಾರದೋ ಸ್ಕೂಟರು ಸ್ಟಾರ್ಟಾಗದೆ ಒದೆಸಿಕೊಳ್ಳುತ್ತಿತ್ತು. ಅವರು ಸೀಮೆಸುಣ್ಣದಲ್ಲಿ ತಾವು ಬರೆದದ್ದನ್ನು ನೋಡುತ್ತಿದ್ದರೋ ಹೊರಗೆ ನೋಡುತ್ತಿದ್ದರೋ, ನಾನು ಕೂತ ಜಾಗದಿಂದ ಕಾಣಲಿಲ್ಲ. ತಿರುಗಿ ಬಂದು ತಮ್ಮ ಗ್ರಾಫ್ ಹಾಳೆಯನ್ನು ಮೇಜಿನಿಂದ ಬಿಡಿಸಿ ಸುರುಳಿ ಸುತ್ತಿದರು.

"ಆರು ತಾಸು ಅಂದೋನು ನಾನು. ಒಂದು ತಾಸು ಮಾಡ್ರಿ. ಸೂತ್ರ ತೆಗೀರಿ" ಎಂದರು. "ಹೊಸ ಹಾಳಿ ಕೊಡಮ್ಮಾ."

ಮುಂದಿನ ಇಡೀ ವಾರ ಮೊದಲಿನಿಂದ ಮಾಡಿದೆವು. ಮೂವತ್ತೆಂಟನ್ನು ಕೈಯಿಂದಲೂ ತಾಳೆ ನೋಡಿದೆವು: ಹೊತ್ತು, ಎತ್ತರದ ಲೆಕ್ಕ, ರೇಡಾರ್ ಮೂರು ದಿಕ್ಕಿಗೆ ಬಿಡುವ ಮೂರೂ ಕಿರಣಗಳ ಅಂಕಿ. ಅಂದು ತನ್ನ ಪರ ನಿಲ್ಲಲಿಲ್ಲವೆಂದು ಗೆಳತಿ ಎರಡು ದಿನ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಸೂತ್ರವನ್ನು ಪ್ರೋಗ್ರಾಮಿನಿಂದ ಅಳಿಸಿದವಳು ಅವಳೇ. ಅಂದು ಮೇಷ್ಟ್ರು ಹೊಸ ಹಾಳೆಯ ಮೇಲೆ ಬೇಸಿಗೆಯ ಮೊದಲ ಚುಕ್ಕಿ ಇಟ್ಟರು: ಉಪಗ್ರಹ ಎರಡು, ಡಬ್ಬಿ ಎರಡಕ್ಕೆ ತುಸು ಮೇಲೆ. ಗೆರೆಯ ಮೇಲೆಯೇ. ಆಮೇಲಿನದೂ ಹಾಗೇ. ಯಾವ ತಿದ್ದುಪಡಿ ಸೂತ್ರವೂ ಇಲ್ಲದೆ ಚುಕ್ಕಿಗಳು ತಾವಾಗಿ ಬಂದು ಕೂತವು. ಐದಾರು ಚುಕ್ಕಿಗಳಾಗುವ ಹೊತ್ತಿಗೆ ಗೆಳತಿಯೂ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. "ಇವು ಮೇಕಪ್ ಇಲ್ದೇನೇ ಲಕ್ಷಣ ಅದಾವೆ ಬಿಡು" ಎಂದಳು. ಅಲ್ಲಿಗೆ ನಮ್ಮ ಮುನಿಸು ಮುಗಿಯಿತು.

ಮಾರ್ಚಿನಲ್ಲಿ ಬೆಂಗಳೂರು. ಸಮಿತಿಯಲ್ಲಿ ಐವರಿದ್ದರು. ಮೇಷ್ಟ್ರು ಮೊದಲ ಹಾಳೆಯಲ್ಲಿ ಎರಡು ಫೋಟೋ ತೋರಿಸಿದಾಗ ಒಬ್ಬರು, "ಇದು ಯಾವ ಸಮುದ್ರ?" ಎಂದು ಕೇಳಿದರು.

"ಹರಿಹರದ ಸಮುದ್ರ, ಸಾರ್."

ಕೋಣೆಯಲ್ಲಿ ನಗು ಎದ್ದಿತು. ಅಧ್ಯಕ್ಷರು ಮಾತ್ರ ನಗದೆ ವರದಿಯ ಹಾಳೆ ತಿರುವುತ್ತಿದ್ದರು. "ನಾವು ಕೇಳಿದ್ದು ನೂರು. ನೀವು ತಂದಿರುವುದು ಮೂವತ್ತೆಂಟು."

"ನೂರಾ ಮೂವತ್ತೊಂದು ಇದ್ದವು ಸಾರ್. ತೊಂಬತ್ತಮೂರನ್ನು ನಾವೇ ತೆಗೆದೆವು."

"ಯಾಕೆ? ತಿದ್ದುಪಡಿ ಹಾಕಿ ಉಳಿಸಿಕೊಳ್ಳಬಹುದಿತ್ತಲ್ಲ."

"ಹಾಕಿದ್ವಿ. ಚೆನ್ನಾಗೂ ಕಾಣ್ತಿತ್ತು. ಆದ್ರೆ ತಪ್ಪು ನಮ್ಮ ಗಡಿಯಾರದ್ದು ಸಾರ್. ಅದಕ್ಕೆ ಉಪಗ್ರಹಾನ ಯಾಕ ತಿದ್ದಬೇಕು?"

ಅಧ್ಯಕ್ಷರು ತೆಗೆದುಹಾಕಿದ ಜೋಡಿಗಳ ಪಟ್ಟಿ ಕೇಳಿ ಇಸಿದುಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಹರಿಹರದ ಎರಡು ಫೋಟೋವನ್ನು ಇನ್ನೊಮ್ಮೆ ಹಾಕಿಸಿಕೊಂಡು ನೋಡಿದರು. ಪತ್ರ ಬರುತ್ತದೆ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ಪತ್ರ ಬಂತು. ಎರಡನೇ ವರ್ಷ ಪೂರ್ತಿ ಕೊಟ್ಟಿರಲಿಲ್ಲ. ಸೆಪ್ಟೆಂಬರ್ ಕೊನೆಯ ತನಕ ಅವಕಾಶ. ಅಷ್ಟರೊಳಗೆ ಒಂದು ತಾಸಿನ ಲೆಕ್ಕದಲ್ಲೇ ನೂರು ಜೋಡಿ ಮುಟ್ಟಿಸಿದರೆ ಉಳಿದ ಅವಧಿ ಸಿಗುತ್ತದೆ, ಇಲ್ಲವಾದರೆ ಅಲ್ಲಿಗೇ ಮುಕ್ತಾಯ. ಮೇ ಕೊನೆಗೆ ಮೇಷ್ಟ್ರಿಗೆ ಹಾರ ಹಾಕಿ ಶಾಲು ಹೊದಿಸಿ ಕಳಿಸಿದರು. ಅಂದು ಅವರು ಕೋಣೆಯ ಬೀಗದ ಕೈಯನ್ನು ನನಗೆ ಕೊಟ್ಟು, ಪೆನ್ಸಿಲನ್ನು ಜೇಬಿನಲ್ಲೇ ಇಟ್ಟುಕೊಂಡು ಹೋದರು.

ಆ ಮಳೆಗಾಲ ಡಬ್ಬಿ ನಮ್ಮ ಮಾತು ಕೇಳಿತು. ಅದಕ್ಕೆ ಹೊಸ ಬ್ಯಾಟರಿ ಹಾಕಿದ್ದರಂತೆ. ಹನ್ನೊಂದೂವರೆಯ ಸಂದೇಶ ತಪ್ಪದೆ ಬರತೊಡಗಿತು. ಅಂಕಿಗಳು ನಮ್ಮ ಕೈ ಸೇರುವಾಗ ಒಂದು ತಿಂಗಳು ತಡವಾಗುತ್ತಿತ್ತು. ನಾನು ಗೋಡೆಯ ಮೇಲೆ ಐದೈದರ ಗೆರೆ ಎಳೆಯುತ್ತಿದ್ದೆ: ಐವತ್ತು, ಅರವತ್ತೈದು, ಎಂಬತ್ತು. ಆಫೀಸಿನವರು ಎರಡು ಸಲ ಬಂದು ಕೋಣೆಯ ಉದ್ದಗಲ ಟೇಪು ಹಿಡಿದು ಅಳೆದುಕೊಂಡು ಹೋದರು. ಶ್ರಾವಣ ಮುಗಿಯುವ ಹೊತ್ತಿಗೆ ಆಷಾಢದ ದಿನಗಳ ಸಿ.ಡಿ. ಬಂತು. ಅದನ್ನು ಹಾಕಿ, ತೊಂಬತ್ತೊಂಬತ್ತರ ತನಕ ಬಂದು, ಗೆಳತಿ ಕೀಬೋರ್ಡಿನಿಂದ ಕೈ ತೆಗೆದಳು.

"ಮುಂದಿಂದು ನಾನು ಹೊಡೆಯಂಗಿಲ್ಲ. ಹೋಗಿ ಕರ್ಕೊಂಡು ಬಾರೇ."

ಮೇಷ್ಟ್ರ ಮನೆ ಎರಡು ಬೀದಿ ಆಚೆ. ಪಂಚೆ ಉಟ್ಟು ತುಳಸಿಕಟ್ಟೆಯ ಹತ್ತಿರ ಪೇಪರು ಓದುತ್ತಿದ್ದವರು, ವಿಷಯ ಕೇಳಿ ಅಂಗಿ ತೊಟ್ಟುಕೊಂಡು ಅದೇ ಪಂಚೆಯಲ್ಲೇ ನಡೆದು ಬಂದರು. ಬಾಗಿಲಲ್ಲಿ ಒಂದು ಕ್ಷಣ ನಿಂತರು. ಅವರು ಬರೆದದ್ದು ಮಾಸಿತ್ತು. ನಾವು ಅದರ ಮೇಲೇ ಮತ್ತೆ ಸೀಮೆಸುಣ್ಣದಿಂದ ತಿದ್ದಿದ್ದೆವು. ಕೂತು, ಜೇಬಿನಿಂದ ಪೆನ್ಸಿಲ್ ತೆಗೆದು, ನಾನು ಓದಿದ ಎರಡು ಅಂಕಿಗಳನ್ನು ಹಾಳೆಯ ಅಂಚಿನಲ್ಲಿ ಹುಡುಕಿ, ಅಳತೆಪಟ್ಟಿ ಇಟ್ಟು, ನೂರನೆಯ ಚುಕ್ಕಿ ಇಟ್ಟರು. ಹನ್ನೊಂದು ಮೀಟರ್ ಗಾಳಿ, ಗೆರೆಯ ಪಕ್ಕದಲ್ಲೇ.

ನಾವಿಬ್ಬರೂ ಏನಾದರೂ ಹೇಳುತ್ತಾರೆಂದು ಕಾದೆವು. ಅವರು ಕನ್ನಡಕ ಸರಿಮಾಡಿಕೊಂಡು, "ಆ ದಿನದ ಐದೂವರೆಯದು ಏನೈತೆ ನೋಡಮ್ಮಾ" ಎಂದರು.

ನೋಡಿದೆ. ಬೆಳಗಿನದಕ್ಕೂ ಸಂಜೆಯದಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಓದಿ ಹೇಳಿದೆ.

ಮೇಷ್ಟ್ರ ಮುಖ ಅರಳಿತು. ಗೆಳತಿಯ ಕಡೆ ತಿರುಗಿ, "ಕೇಳಿದ್ಯಾ? ಆಷಾಢದ ಮಟ್ಟಿಗೆ ನಾನು ಹೇಳಿದ್ದು ಸರಿನೇ ಇತ್ತು" ಎಂದರು. ಪೆನ್ಸಿಲನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡು ಎದ್ದರು. ಬಾಗಿಲ ತನಕ ಹೋದವರು ನಿಂತು, ತಿರುಗಿ ನೋಡಿದರು.

"ಆದ್ರೆ ಅದನ್ನ ಲೆಕ್ಕಕ್ಕೆ ತಗಾಬ್ಯಾಡ್ರಿ. ನಮ್ದು ಒಂದೇ ತಾಸು."